ರಿಚ್ಚಿ ಪರವೋ, ರತ್ನಕ್ಕನ ಪರವೋ?

2014ರ ಮಾರ್ಚ್‌ನಲ್ಲಿ ‘ಉಳಿದವರು ಕಂಡಂತೆ’ ತೆರೆಗೆ ಬಂದಾಗ ಗೆಳೆಯರ ಗುಂಪುಗಳೇ ಹೋಳಾದವು. ಒಬ್ಬನಿಗೆ ಅದು ಕನ್ನಡದಲ್ಲಿ ಹಿಂದೆಂದೂ ಬಾರದ ಸಿನಿಮಾ. ಪಕ್ಕದ ಸೀಟಿನವನಿಗೆ ತಲೆಬುಡವಿಲ್ಲದ ಕಥೆ. ಗಲ್ಲಾಪೆಟ್ಟಿಗೆಯಲ್ಲಿ ಸೊರಗಿದ ರಕ್ಷಿತ್ ಶೆಟ್ಟಿಯವರ ಆ ಚಿತ್ರಕ್ಕೆ ಆಮೇಲೆ ದೊಡ್ಡ ಅಭಿಮಾನಿ ಬಳಗ ಹುಟ್ಟಿಕೊಂಡಿತು. ವಾದ ಮಾತ್ರ ಮುಗಿಯಲಿಲ್ಲ. ಜಾಲಹಳ್ಳಿ ಕ್ರಾಸಿನ ರಾಕ್‌ಲೈನ್ ಮಾಲ್‌ನಲ್ಲಿ ಸೆಕೆಂಡ್ ಶೋ ಮುಗಿಸಿದವರು ಬೈಕ್ ಸ್ಟಾರ್ಟ್ ಮಾಡದೆ ನಿಂತು ಕಿತ್ತಾಡುವುದು ಇಂಥ ಚಿತ್ರಗಳಿಗೇ: ಪಾತ್ರ ಹತ್ತಾರು, ಕಣ್ಣೀರು ಧಾರಾಳ, ನಾಯಕ ಯಾರೆಂಬುದೇ ಗೊಂದಲ.

ಸಿನಿಮಾ ವಿಷಯದಲ್ಲಿ ಜನ ಒಪ್ಪುವುದೇ ಅಪರೂಪ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪಾಸ್ಕಲ್ ವಾಲಿಶ್ ಮತ್ತು ಜೇಕ್ ವಿಟ್ನರ್ 3,000ಕ್ಕೂ ಹೆಚ್ಚು ಮಂದಿಯಿಂದ 200ಕ್ಕೂ ಹೆಚ್ಚು ಚಿತ್ರಗಳಿಗೆ ಅಂಕ ಹಾಕಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರ ಅಂಕಕ್ಕೂ ಇನ್ನೊಬ್ಬರದಕ್ಕೂ ಹೊಂದಿಕೆ ತೀರಾ ಕಡಿಮೆ. ವಿಮರ್ಶಕರನ್ನು ನಂಬಿ ಟಿಕೆಟ್ ಕೊಂಡರೂ ಅಷ್ಟೇ.

ಹಾಗಾದರೆ ಗೆಳೆಯನ ಭಿನ್ನಮತವೇ ಏಕೆ ಚುಚ್ಚಬೇಕು? 2018ರಲ್ಲಿ ಕ್ಯಾರೊಲಿನ್ ಪಾರ್ಕಿನ್ಸನ್ ಮತ್ತು ಸಂಗಡಿಗರು 42 ವಿದ್ಯಾರ್ಥಿಗಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಒಂದೇ ವಿಡಿಯೊ ತುಣುಕುಗಳನ್ನು ತೋರಿಸಿದರು. ಅಪರಿಚಿತರಿಗಿಂತ ಗೆಳೆಯರ ಮಿದುಳುಗಳ ಪ್ರತಿಕ್ರಿಯೆ ಹೆಚ್ಚು ಹೋಲುತ್ತಿತ್ತು. ‘ಇವನು ನನ್ನ ಹಾಗೇ’ ಎಂಬ ನಂಬಿಕೆಗೆ ಒಂದಿಷ್ಟು ಆಧಾರವಿದೆ ಎಂದಾಯಿತು. ಅದಕ್ಕೇ ಅದು ಮುರಿದಾಗ ನೋವು ಜಾಸ್ತಿ ಇರಬೇಕು.

ಇನ್ನೂ ಸ್ವಾರಸ್ಯದ ಪ್ರಯೋಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ್ದು. ಸ್ಯಾಲಿಂಜರ್‌ನ ಕಥೆಯೊಂದರಲ್ಲಿ, ನಡುರಾತ್ರಿ ಒಬ್ಬಾತ ಗೆಳೆಯನಿಗೆ ಫೋನ್ ಮಾಡಿ ಹೆಂಡತಿ ಮನೆಗೆ ಬಂದಿಲ್ಲ ಎಂದು ಗೋಳಾಡುತ್ತಾನೆ. ಗೆಳೆಯನ ಪಕ್ಕದಲ್ಲಿ ಒಬ್ಬ ಹೆಂಗಸು ಮಲಗಿದ್ದಾಳೆ. ಯಾರಾ ಯೆಶುರುನ್ ತಂಡ ಅರ್ಧ ಕೇಳುಗರಿಗೆ ಆಕೆಯೇ ಆ ಹೆಂಡತಿ ಎಂದಿತು. ಉಳಿದವರಿಗೆ ಗಂಡನಿಗೆ ಸುಮ್ಮನೆ ಸಂಶಯದ ರೋಗ ಎಂದಿತು. ಕೇಳಿಸಿದ್ದು ಒಂದೇ ಧ್ವನಿಮುದ್ರಣ. ಶಬ್ದ ಗ್ರಹಿಸುವ ಮಿದುಳಿನ ಭಾಗ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ತರ ಸ್ಪಂದಿಸಿತು. ಕಥೆಯ ಅರ್ಥ ಕಟ್ಟುವ ಭಾಗಗಳು ಎರಡು ಗುಂಪಾಗಿ ಒಡೆದವು. ಕೇವಲ ಒಂದು ಮುನ್ನುಡಿಯ ಕರಾಮತ್ತು!

ಬಹುಪಾತ್ರದ ಚಿತ್ರದಲ್ಲಿ ಈ ಮುನ್ನುಡಿಯನ್ನು ಪ್ರೇಕ್ಷಕ ತಾನೇ ಬರೆದುಕೊಳ್ಳುತ್ತಾನೆ ಎನ್ನಬಹುದು. ‘ಉಳಿದವರು ಕಂಡಂತೆ’ಯನ್ನೇ ತಗೊಳ್ಳಿ: ಹುಲಿವೇಷದ ಹೆಜ್ಜೆಗೆ ಮನಸೋತವನು ಕಥೆ ನಡೆಯುವ ಮಲ್ಪೆಯನ್ನು ರಿಚ್ಚಿ ಎಂಬ ಪಾತ್ರದ ಕಣ್ಣಿಂದ ನೋಡುತ್ತಾನೆ. ತಾರಾ ಅಭಿನಯದ ರತ್ನಕ್ಕನ ಜತೆ ಕೂತವನಿಗೆ ಅದೇ ಊರು ಮಗನಿಗಾಗಿ ಕಾದ ತಾಯಿಯದು. ಇಬ್ಬರೂ ಹೊರಬಂದು ‘ಚಿತ್ರ ಹೇಗಿತ್ತು’ ಎಂದು ವಾದಿಸುತ್ತಾರೆ. ‘ನೀನು ಯಾರ ಜತೆಗಿದ್ದೆ’ ಎಂದು ಕೇಳುವವರಿಲ್ಲ.

ಮಾತಿನಿಂದ ಏನಾದರೂ ಬದಲಾದೀತೆ? ಬೋ ಸೀವರ್ಸ್ ಮತ್ತು ಥಾಲಿಯಾ ವೀಟ್ಲಿ ತಂಡ ಇದನ್ನೂ ಅಳೆದು 2024ರಲ್ಲಿ ಪ್ರಕಟಿಸಿದೆ. ಅರ್ಥ ಸ್ಪಷ್ಟವಾಗದ ಸಿನಿಮಾ ತುಣುಕುಗಳನ್ನು ನೋಡಿದವರು ಗುಂಪಾಗಿ ಕೂತು ಕಥೆ ಏನೆಂದು ಚರ್ಚಿಸಿದರು, ಮತ್ತೆ ನೋಡಿದರು. ಒಮ್ಮತಕ್ಕೆ ಬಂದ ಗುಂಪಿನವರ ಮಿದುಳಿನ ಚಟುವಟಿಕೆ ಪರಸ್ಪರ ಹತ್ತಿರವಾಗಿತ್ತು. ಆದರೆ ದೊಡ್ಡವನೆನಿಸಿಕೊಂಡವನು ಉಳಿದವರ ಮಾತು ತಳ್ಳಿಹಾಕುತ್ತ ತಾನೇ ಹೆಚ್ಚು ಮಾತಾಡಿದ ಕಡೆ ಹೊಂದಿಕೆ ಕಡಿಮೆ. ಎಲ್ಲ ಗುಂಪಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ, ಹೆಸರು ಬೇಡ. ಸಾಕಷ್ಟು ಗೆಳೆಯರಿದ್ದವರು ಬೇರೆಯವರನ್ನು ಮಾತಾಡಿಸಿದರು, ತಾವೂ ಬದಲಾದರು. ಈ ಹೊಂದಿಕೆ ಅದೇ ಚಿತ್ರದ, ಯಾರೂ ಚರ್ಚಿಸದ ಹೊಸ ತುಣುಕುಗಳನ್ನು ನೋಡುವಾಗಲೂ ಮುಂದುವರಿಯಿತು.

ನಮ್ಮ ಚಿತ್ರಮಂದಿರಗಳಲ್ಲಿ ಇಂಥದೊಂದು ಏರ್ಪಾಡು ಮೊದಲಿನಿಂದಲೂ ಇದೆ: ಅರ್ಧ ನೋಡಿ, ಹೊರಬಂದು ಮಾತಾಡಿ, ಉಳಿದರ್ಧಕ್ಕೆ ಒಳಹೋಗುವುದು. ಇಂಟರ್ವಲ್‌ನ ಹತ್ತು ನಿಮಿಷ ಪಾಪ್‌ಕಾರ್ನ್ ಕ್ಯೂಗೇ ಸಾಲುವುದಿಲ್ಲ ಎಂಬುದು ಬೇರೆ ಮಾತು.