ನಿಮಗಿದು ಗೊತ್ತೆ? ಭೀಮೆಯ ಪಾಲಿನ ಮಳೆ ಪಶ್ಚಿಮಕ್ಕೂ ಇಳಿಯುತ್ತದೆ

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಯನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಕೂಡಿಸಿಕೊಂಡು, ಜೇವರ್ಗಿ ಬಳಿಯ ಕಟ್ಟಿಸಂಗಾವಿ ಸೇತುವೆಯಡಿ ಹಾದು ಕೃಷ್ಣೆಯನ್ನು ಸೇರುವ ಭೀಮೆಯು ಪೂರ್ವಾಭಿಮುಖ ನದಿಯಾದರೂ, ಅದರ ಜಲಾನಯನ ಪ್ರದೇಶದಲ್ಲಿ, ಎಂದರೆ ಮಳೆನೀರು ಹರಿದು ನದಿಗೆ ಸೇರುವ ನೆಲದಲ್ಲಿ, ಬೀಳುವ ಮಳೆಯ ಒಂದು ಪಾಲು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅರಬ್ಬಿ ಸಮುದ್ರಕ್ಕೆ ಹೋಗುತ್ತಿದೆ. ಮುಂಬೈಯ ಹತ್ತಿಗಿರಣಿಗಳಿಗೆ ವಿದ್ಯುತ್ ಒದಗಿಸಲೆಂದು ಟಾಟಾ ಸಂಸ್ಥೆಯು ಸಹ್ಯಾದ್ರಿಯ ನೆತ್ತಿಯಲ್ಲಿ, ಭೀಮೆಗೆ ನೀರುಣಿಸುವ ಇಂದ್ರಾಯಣಿ, ಮುಳಾ ನದಿಗಳ ಮೇಲ್ಭಾಗದಲ್ಲಿ ಅಣೆಕಟ್ಟುಗಳನ್ನು ಕಟ್ಟಿಸಿತು. ಪೂರ್ವದ ಇಳಿಜಾರು ಮಂದವಾಗಿದ್ದು ಪಶ್ಚಿಮದ್ದು ಗೋಡೆಯಂತೆ ಕಡಿದಾಗಿರುವುದರಿಂದ, ನೀರನ್ನು ಉಕ್ಕಿನ ಕೊಳವೆಗಳಲ್ಲಿ ಸುಮಾರು 500 ಮೀಟರ್ ಕೆಳಕ್ಕೆ ಧುಮುಕಿಸಿ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗುವ ಚಕ್ರಗಳನ್ನು, ಓಡಿಸಲಾಯಿತು. ಖೋಪೋಲಿಯ ವಿದ್ಯುದಾಗಾರ 1915ರಲ್ಲಿ, ಭಿವಪುರಿಯದು 1922ರಲ್ಲಿ, ಭಿರಾದ್ದು 1927ರಲ್ಲಿ ಆರಂಭವಾದವು. ನದಿಯ ದಿಕ್ಕನ್ನೇ ತಿರುಗಿಸಿದ ಈ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಆದರೆ ಈ ಅಣೆಕಟ್ಟುಗಳಲ್ಲೊಂದಾದ ಮುಳಶಿಗೆ ಜಮೀನು ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದ್ದನ್ನೂ ಮರೆಯಲಾಗದು. ಚಕ್ರ ತಿರುಗಿಸಿದ ನೀರು ಇಂದಿಗೂ ಪಾತಾಳಗಂಗಾ, ಉಲ್ಹಾಸ, ಕುಂಡಲಿಕಾ ನದಿಗಳ ಮೂಲಕ ಕಡಲು ಸೇರುತ್ತಿದೆ. ಬೇಸಿಗೆಯಲ್ಲಿ ಭೀಮೆ ಬತ್ತುವುದನ್ನು ಕಾಣುವ ಕಲಬುರಗಿ ಸೀಮೆಯ ಓದುಗರು ಈ ತಿರುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.