ಮಿರಜ್ ಲೈನಿನಲ್ಲಿ ಬಂದ ಸೈರನ್

ಲೋಂಡಾದಲ್ಲಿ ಮಳೆಗಾಲ ಹಿಡಿಯಿತೆಂದರೆ ಕರೆಂಟನ್ನು ನಂಬುವಂತಿಲ್ಲ. ಕಾಡಿನಲ್ಲಿ ಎಲ್ಲೋ ಒಂದು ಟೊಂಗೆ ಮುರಿದು ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. ಹಿಂದೆ ಆ ಕತ್ತಲಿನಿಂದಲೂ ಒಂದು ಉಪಕಾರವಿತ್ತು. ಇರುವ ಒಂದು ಕಂದೀಲಿನ ಸುತ್ತ ಮನೆಮಂದಿಯೆಲ್ಲ ಬಂದು ಕೂರಲೇಬೇಕಿತ್ತು. ಅಜ್ಜಿ ಒಡಪು ಹೇಳುತ್ತಿದ್ದಳು, ಮಕ್ಕಳು ಬಿಡಿಸಲು ಒದ್ದಾಡುತ್ತಿದ್ದರು. ಚೌಕಾಬಾರದ ಕವಡೆ ಉರುಳುತ್ತಿತ್ತು. ಕರೆಂಟು ಈಗಲೂ ಹೋಗುತ್ತದೆ. ಆದರೆ ಒಂದೇ ಪಡಸಾಲೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಮುಖಗಳು ಮೊಬೈಲ್ ಬೆಳಕಿನಲ್ಲಿ ನೀಲಿಯಾಗಿ ಕಾಣುತ್ತವೆ. ಬ್ಯಾಟರಿ ಇರುವವರೆಗೆ ಯಾರಿಗೆ ಯಾರೂ ಬೇಕಿಲ್ಲ.

‘ಮೊಬೈಲ್ ಇಡೋ, ಪುಸ್ತಕ ಹಿಡಿ’ ಎಂದು ಅಪ್ಪ ಗದರುತ್ತಾನೆ. ‘ನೀ ಮೊದ್ಲ ಇಡಪ್ಪಾ’ ಎನ್ನುತ್ತಾನೆ ಮಗ. ಅಪ್ಪನ ಬಳಿ ಉತ್ತರವಿಲ್ಲ, ಏಕೆಂದರೆ ಗದರುವಾಗಲೂ ಅವನ ಹೆಬ್ಬೆರಳು ಪರದೆಯ ಮೇಲೇ ಇರುತ್ತದೆ. ಇಂಥ ಮನೆ ನಿಮ್ಮ ಓಣಿಯಲ್ಲೂ ಇದೆ.

ಈ ಹುಡುಗನ ಮಾತಿಗೆ ಸರಿಯಾದ ಉತ್ತರ ಕೊಟ್ಟ ಊರೊಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಕಡೇಗಾಂವ್ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾಂವ್, ಸುಮಾರು 3,000 ಜನರಿರುವ ಹಳ್ಳಿ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈ ಸೇರಿದ ಮೊಬೈಲ್, ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. 2022ರಲ್ಲಿ ಊರಿನವರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಮೊಳಗಿದರೆ ಮನೆಮನೆಯ ಟಿ.ವಿ., ಮೊಬೈಲ್ ಬಂದ್. 8.30ಕ್ಕೆ ಇನ್ನೊಂದು ಸೈರನ್. ನಡುವಿನ ಒಂದೂವರೆ ಗಂಟೆ ಓದಿಗೆ, ಬರಹಕ್ಕೆ, ಮಾತುಕತೆಗೆ. ಈ ಮಾತಿಗೆ ಮೊದಲು ಒಪ್ಪಿದವರು ಊರಿನ ಹೆಂಗಸರು. ಆಮೇಲೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ಉಳಿದವರನ್ನು ಒಪ್ಪಿಸಿದರು.

ಸಾಂಗ್ಲಿಯ ಈ ಗಾಳಿ ಮಿರಜ್ ರೈಲು ಮಾರ್ಗ ಹಿಡಿದು ನಮ್ಮ ಕಡೆಗೂ ಬಂದಿದೆ. ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೊಂದಿಕೊಂಡಿರುವ ಹಲಗಾ ಗ್ರಾಮವೂ ಇದೇ ದಾರಿ ಹಿಡಿಯಿತು. ಅಲ್ಲಿ ಸಂಜೆ 7ಕ್ಕೆ ಸೈರನ್ ಕೂಗಿದರೆ 9ರವರೆಗೆ ಟಿ.ವಿ., ಮೊಬೈಲ್‌ಗೆ ರಜೆ.

ಸೈರನ್ನಿನ ಗುಟ್ಟು ಅದರ ಸದ್ದಿನಲ್ಲಿಲ್ಲ, ಅದು ಎಲ್ಲರಿಗೂ ಒಂದೇ ಸಲ ಕೇಳುತ್ತದೆ ಎಂಬುದರಲ್ಲಿದೆ. ಒಬ್ಬ ಹುಡುಗನ ಕೈಯಿಂದ ಮೊಬೈಲ್ ಕಸಿದರೆ ಅವನಿಗೆ ಅದು ಶಿಕ್ಷೆ. ಪಕ್ಕದ ಮನೆಯ ಗೆಳೆಯ ಆಡುತ್ತಿದ್ದಾನಲ್ಲ ಎಂಬ ಸಂಕಟ ಬೇರೆ. ಓಣಿಯವರೆಲ್ಲ ಒಟ್ಟಿಗೆ ಕೆಳಗಿಟ್ಟರೆ ಅದೇ ಊರ ರೂಢಿಯಾಗುತ್ತದೆ. ಇನ್ನೊಂದು ಮಾತೂ ಇದೆ. ಸಿನಿಮಾ ಮುಗಿಯುತ್ತದೆ, ಕ್ರಿಕೆಟ್ ಪಂದ್ಯವೂ ಮುಗಿಯುತ್ತದೆ. ರೀಲ್ಸ್‌ಗೆ ಮುಕ್ತಾಯವೇ ಇಲ್ಲ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡೇ ಬರುತ್ತದೆ. ತಾನಾಗಿ ನಿಲ್ಲದ್ದಕ್ಕೆ ಹೊರಗಿನಿಂದ ಒಂದು ಗಂಟೆ ಬಾರಿಸಲೇಬೇಕು.

ವೈದ್ಯರ ಲೆಕ್ಕ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ; 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಯೂಟ್ಯೂಬ್ ಹಚ್ಚಿದರೇನೇ ತುತ್ತು ನುಂಗುವ ಕೂಸುಗಳ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗೀಳು ಕೈಮೀರಿದವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆದಿದೆ. ಅಷ್ಟು ದೂರ ಹೋಗಲಾಗದವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

ಲೋಂಡಾದಂಥ ಊರಿಗೆ ಇದು ಒಗ್ಗುತ್ತದೆಯೇ? ಇದು ರೈಲಿನ ಊರು. ಹುಬ್ಬಳ್ಳಿ, ಮಿರಜ್, ಗೋವಾ ಮೂರೂ ಕಡೆಯ ಹಳಿಗಳು ಇಲ್ಲಿ ಕೂಡುತ್ತವೆ. ರೈಲ್ವೆ ನೌಕರರ ಮನೆಗೆ ಯಾವ ಹೊತ್ತಿನಲ್ಲಾದರೂ ಡ್ಯೂಟಿಯ ಕರೆ ಬರಬಹುದು, ಫೋನ್ ಬಂದ್ ಮಾಡಿ ಕೂರಲು ಆಗದು. ಅಡ್ಡಿಯಿಲ್ಲ. ಫೋನನ್ನು ದೇವರ ಗೂಡಿನ ಪಕ್ಕದಲ್ಲೋ ಬಾಗಿಲ ಬಳಿಯ ಮಾಡದಲ್ಲೋ ಇಟ್ಟರಾಯಿತು. ರಿಂಗಾದರೆ ಎದ್ದು ಹೋಗಿ ಮಾತಾಡಿ ಅಲ್ಲೇ ಇಟ್ಟು ಬರುವುದು. ಕರೆ ಬರಲಿ, ರೀಲ್ಸ್ ಬೇಡ.

ಪರದೆ ಇಲ್ಲದಿದ್ದರೆ ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕಾದರೆ ಗೋವಾ ಕಡೆಯ ರೈಲು ಹತ್ತಿ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ 37 ಅಡಿಗೆ 1 ಅಡಿಯ ಇಳಿಜಾರು. ಸುರಂಗದ ಮೇಲೆ ಸುರಂಗ, ನೆಟ್‌ವರ್ಕ್ ಕೈಕೊಡುತ್ತದೆ. ಮೊದಲು ಹುಡುಗರ ಮುಖ ಸಣ್ಣದಾಗುತ್ತದೆ. ಆಮೇಲೆ ಒಬ್ಬ ಸುರಂಗ ಎಣಿಸತೊಡಗುತ್ತಾನೆ, ಇನ್ನೊಬ್ಬಳು ‘ಹುಷ್, ನಾ ಎಣಸಾಕತ್ತೇನಿ’ ಎನ್ನುತ್ತಾಳೆ. ದೂಧಸಾಗರ ಜಲಪಾತ ಕಾಣುವ ಹೊತ್ತಿಗೆ ಅಪ್ಪನ ತೋಳು ಹಿಡಿದು ಜಗ್ಗುತ್ತಿರುತ್ತಾರೆ. ಅವರಿಗೆ ಬೇಕಿದ್ದದ್ದು ನೋಡಲು ಏನಾದರೊಂದು, ತೋರಿಸಲು ಪಕ್ಕದಲ್ಲಿ ಯಾರಾದರೊಬ್ಬರು.

ಮನೆಯಲ್ಲೂ ಇದೇ ಸೂತ್ರ. ಬರಿಗೈಯಲ್ಲಿ ಮೊಬೈಲ್ ಕಿತ್ತುಕೊಂಡರೆ ಅಳು, ರಂಪ. ಬದಲಿಗೆ ಕೈಗೆ ಏನೋ ಒಂದನ್ನು ಕೊಡಬೇಕು. ರೊಟ್ಟಿಯ ಹಿಟ್ಟಿನ ಒಂದು ಉಂಡೆ ಕೊಡಿ, ತಟ್ಟಿದ ರೊಟ್ಟಿ ಭಾರತದ ಭೂಪಟ ಆದರೂ ಆಗಲಿ. ಅಜ್ಜಿ ಮರಾಠಿಯಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಹೇಳುವ ಕಥೆಗೆ ಕಿವಿ ಕೊಡಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದ ಉದ್ದೇಶವೇ ಮಕ್ಕಳನ್ನು ಆ ಬಾಗಿಲಿಗೆ ಕರೆತರುವುದು. ವಾರಕ್ಕೆ ಒಂದು ಪುಸ್ತಕ ತಂದರೂ ಸಂಜೆಗೆ ಬೇಕಾದ ಸರಕು ಸಿಕ್ಕಂತೆ.

ಬೆಳಗಾವಿ ಬಿಟ್ಟರೆ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ, ಆಮೇಲೆ ಲೋಂಡಾ. ಸೈರನ್ ಇಷ್ಟು ನಿಲ್ದಾಣ ದಾಟಿ ಬರುವವರೆಗೆ ನಾವು ಕಾಯಬೇಕಿಲ್ಲ. ಪಂಚಾಯಿತಿ ಠರಾವು ಮಾಡಲಿ, ಓಣಿಯ ನಾಲ್ಕು ಮನೆಯವರು ಮಾತಾಡಿಕೊಳ್ಳಲಿ. ಅದೂ ಆಗದಿದ್ದರೆ ನಿಮ್ಮ ಮನೆಯ ಗಡಿಯಾರವಂತೂ ಇದ್ದೇ ಇದೆ. ಇಂದು ಸಂಜೆ 7ಕ್ಕೆ ಫೋನ್ ಕೆಳಗಿಡಿ. ಮಗನದ್ದು ಆಮೇಲೆ, ಮೊದಲು ನಿಮ್ಮದು.