ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕ್ಷಯರೋಗ ಚಿಕಿತ್ಸೆ: ಔಷಧಿಗಳ ಕುರಿತು ಮಾಹಿತಿ

ಕಸಿ ಮಾಡಲಾದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಗುಳಿಗೆಗಳನ್ನು ನೀಡಲಾಗುತ್ತದೆ. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಇಂತಹವರಿಗೆ ಕ್ಷಯರೋಗದ ಸಂಭವ ಹೆಚ್ಚು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ವಿತರಿಸಲಾಗುವ ಕ್ಷಯರೋಗದ ಔಷಧಿಗಳಲ್ಲಿ ರಿಫಾಂಪಿಸಿನ್ ಪ್ರಮುಖವಾದುದು. ಇದು ಯಕೃತ್ತು ಹಾಗೂ ಕರುಳಿನಲ್ಲಿರುವ ಸಿ.ವೈ.ಪಿ. 3ಎ4 ಎಂಬ ಕಿಣ್ವವನ್ನು ಹೆಚ್ಚಿಸುತ್ತದೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳನ್ನು ವಿಘಟಿಸುವುದೂ ಇದೇ ಕಿಣ್ವ. ಆದಕಾರಣ ಗುಳಿಗೆಯನ್ನು ತಪ್ಪದೆ ಸೇವಿಸುತ್ತಿದ್ದರೂ ರಕ್ತದಲ್ಲಿ ಅದರ ಮಟ್ಟ ಒಂದೆರಡು ವಾರಗಳಲ್ಲಿ ಕುಸಿದು, ಕಸಿ ಅಂಗವೇ ವಿಫಲವಾಗಬಹುದು. ವೈದ್ಯರು ಗುಳಿಗೆಯ ಪ್ರಮಾಣವನ್ನು ಹಲವು ಪಟ್ಟು ಹೆಚ್ಚಿಸಬೇಕಾಗಬಹುದು, ಇಲ್ಲವೇ ಈ ಪರಿಣಾಮ ಕಡಿಮೆಯಿರುವ ರಿಫಾಬುಟಿನ್ ನೀಡಬಹುದು. (ರಿಫಾಂಪಿಸಿನ್‌ನಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಅದು ಕಸಿ ಅಂಗದ ದೋಷವಲ್ಲ.)

ಚಿಕಿತ್ಸೆ ಮುಗಿದ ನಂತರದ ದಿನಗಳಲ್ಲಿಯೂ ಅಷ್ಟೇ ಎಚ್ಚರ ಅಗತ್ಯ. ರಿಫಾಂಪಿಸಿನ್ ನಿಲ್ಲಿಸಿದ ಸುಮಾರು 2 ವಾರಗಳಲ್ಲಿ ಕಿಣ್ವವು ಮೊದಲಿನ ಮಟ್ಟಕ್ಕೆ ಮರಳುವುದರಿಂದ, ಹೆಚ್ಚಿಸಿದ ಪ್ರಮಾಣವನ್ನೇ ಮುಂದುವರಿಸಿದಲ್ಲಿ ಅದು ಮೂತ್ರಪಿಂಡಕ್ಕೆ ವಿಷಕಾರಿಯಾಗುತ್ತದೆ.

ಕ್ಷಯರೋಗ ಚಿಕಿತ್ಸೆಗೆ ನೋಂದಾಯಿಸಿಕೊಳ್ಳುವವರು ಕಸಿ ಆಸ್ಪತ್ರೆಯ ಔಷಧ ಚೀಟಿಯನ್ನು ತಪ್ಪದೆ ಹಾಜರುಪಡಿಸತಕ್ಕದ್ದು. ಚಿಕಿತ್ಸೆಯ ಆರಂಭ ಹಾಗೂ ಮುಕ್ತಾಯ, ಎರಡನ್ನೂ ಕಸಿ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಔಷಧಿಯ ಮಟ್ಟ ತಿಳಿಯುವ ಪರೀಕ್ಷೆಗೆ ಬೆಳಗಿನ ಗುಳಿಗೆ ಸೇವಿಸುವ ಮೊದಲೇ ರಕ್ತ ನೀಡಬೇಕು. ಪ್ರಮಾಣವನ್ನು ಸ್ವತಃ ಬದಲಾಯಿಸಬಾರದೆಂದು ಕೋರಲಾಗಿದೆ.